ಸೋರಿಯಾಸಿಸ್‌ಗೆ ಹಾಲೆ ಎಲೆಯ ಎಣ್ಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೋರಿಯಾಸಿಸ್ ಇದೆ ಎಂದು ಗೊತ್ತಾದರೆ ಸಾಕು, ತುಮಕೂರಿನಲ್ಲಿ ಸಲಹೆ ಕೊಡುವವರಿಗೆ ಬರವಿಲ್ಲ. ಒಬ್ಬರು ಸಿದ್ಧರಬೆಟ್ಟದ ಬೇರು ಅನ್ನುತ್ತಾರೆ, ಇನ್ನೊಬ್ಬರು ಹೊಂಗೆ ಎಣ್ಣೆ ಅನ್ನುತ್ತಾರೆ, ಮತ್ತೊಬ್ಬರು ಬದನೆಕಾಯಿ ಬಿಡಿ ಅನ್ನುತ್ತಾರೆ. ಅದರಲ್ಲಿ ಜಾಸ್ತಿ ಕೇಳಿಬರುವುದು ನೇರಳೆ ಬಣ್ಣದ ಎಣ್ಣೆಯ ಮಾತು. ನಾನು ಫಾರ್ಮಸಿ ಓದಿದವಳು, ಡಾಕ್ಟರಲ್ಲ. ನೆಂಟರು, ಅಕ್ಕಪಕ್ಕದವರು ಈ ಎಣ್ಣೆ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಓದಿದ್ದನ್ನು ಇಲ್ಲಿ ಬರೆದಿದ್ದೇನೆ.

ಈ ನೇರಳೆ ಎಣ್ಣೆ ಅಂದರೆ ಯಾವುದು?

ಹಾಲೆ ಮರದ ಹಸಿ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ, ಕೆಲವು ದಿನ ಬಿಸಿಲಿಗಿಟ್ಟು ಸೋಸಿದ ಎಣ್ಣೆ. ಹಾಕುವುದು ಹಸಿರು ಎಲೆ, ಆದರೆ ಎಣ್ಣೆ ನಿಧಾನವಾಗಿ ಕಡು ನೇರಳೆಗೆ ತಿರುಗುತ್ತದೆ. ಮರಕ್ಕೆ ಬೆಪ್ಪಾಲೆ ಎಂಬ ಹೆಸರೂ ಇದೆ. ಸಸ್ಯಶಾಸ್ತ್ರದಲ್ಲಿ ಇದು ರೈಟಿಯಾ ಟಿಂಕ್ಟೋರಿಯಾ. ಚನ್ನಪಟ್ಟಣದ ಗೊಂಬೆ ಕಡೆಯುವುದು ಇದೇ ಮರದ ಬಿಳಿ ಕಟ್ಟಿಗೆಯಲ್ಲಿ. ದೇವರಾಯನದುರ್ಗದ ಥರದ ಒಣ ಕಾಡು, ಕುರುಚಲು ಗುಡ್ಡ ಇದಕ್ಕೆ ಒಗ್ಗುತ್ತದೆ.

ಈ ಎಣ್ಣೆ ಹೆಚ್ಚಾಗಿ ಬಳಕೆಯಲ್ಲಿರುವುದು ತಮಿಳುನಾಡಿನ ಸಿದ್ಧ ವೈದ್ಯ ಪದ್ಧತಿಯಲ್ಲಿ. ಅಲ್ಲಿ ಅದನ್ನು ವೆಟ್ಪಾಲೈ ತೈಲ ಎನ್ನುತ್ತಾರೆ. ಕಂಪನಿಗಳು ಬಾಟಲಿ ತುಂಬಿಸಿ ಮಾರುತ್ತವೆ, ನಾಟಿ ವೈದ್ಯರು ಮನೆಯಲ್ಲೇ ಮಾಡಿ ಕೊಡುತ್ತಾರೆ.

ಸೋರಿಯಾಸಿಸ್ ಅಂಟುತ್ತಾ? ರಕ್ತ ಕೆಟ್ಟು ಬರುತ್ತಾ?

ಎರಡೂ ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಟವೆಲ್ ಬಳಸಿದರೂ ಅಂಟುವುದಿಲ್ಲ. ಇದು ರೋಗಾಣುವಿನ ಕಾಯಿಲೆಯೇ ಅಲ್ಲ. ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಚರ್ಮದ ವಿಷಯದಲ್ಲಿ ಸುಮ್ಮನೆ ಕೆರಳಿ ಕೂರುತ್ತದೆ. ಸಾಮಾನ್ಯವಾಗಿ ಚರ್ಮದ ಮೇಲ್ಪದರ ಹುಟ್ಟಿ, ಮೇಲೆ ಬಂದು, ಉದುರುವುದಕ್ಕೆ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಆ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಹಳೆಯದು ಉದುರುವ ಮುಂಚೆಯೇ ಹೊಸದು ಬಂದು ಸೇರುತ್ತದೆ. ಹಾಗಾಗಿ ಕೆಂಪು ತೇಪೆ, ಅದರ ಮೇಲೆ ಬೆಳ್ಳಿ ಬಣ್ಣದ ಹೊಟ್ಟು. ನಮ್ಮಂಥ ಕಪ್ಪು, ಕಂದು ಮೈಬಣ್ಣದವರಲ್ಲಿ ತೇಪೆ ಕೆಂಪಗೆ ಕಾಣದೆ ಕಂದು ಅಥವಾ ನೇರಳೆ ಛಾಯೆಯಲ್ಲೂ ಇರಬಹುದು.

ಬರೀ ಚರ್ಮದ ಕಾಯಿಲೆ ಎಂದು ತಳ್ಳಿಹಾಕುವ ಹಾಗೂ ಇಲ್ಲ. ಕೆಲವರಿಗೆ ಕೀಲುಗಳಿಗೆ ಬರುತ್ತದೆ, ಬಿಟ್ಟರೆ ಕೀಲು ಹಾಳಾಗುತ್ತದೆ. ತೀವ್ರವಾಗಿ ಇದ್ದವರಿಗೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಜಾಸ್ತಿ. ಮನಸ್ಸು ಕುಗ್ಗುವುದಂತೂ ಸರಿಯೇ ಸರಿ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಇದನ್ನು ಗಂಭೀರ ಕಾಯಿಲೆ ಎಂದು ಒಪ್ಪಿ ನಿರ್ಣಯ ಮಾಡಿದ್ದು ಸುಮ್ಮನೆ ಅಲ್ಲ.

ನನಗಿರುವುದು ಸೋರಿಯಾಸಿಸ್ಸೇ ಅಂತ ಹೇಗೆ ಗೊತ್ತಾಗುತ್ತೆ?

ನೋಡಿ ಹೇಳಬೇಕಾದವರು ಚರ್ಮದ ಡಾಕ್ಟರ್. ಹುಳುಕಡ್ಡಿ, ಇಸುಬು, ತಲೆಹೊಟ್ಟು ಎಲ್ಲವೂ ಇದರಂತೆಯೇ ಕಾಣಬಹುದು. ಮೊಣಕೈ, ಮೊಣಕಾಲು, ಸೊಂಟದ ಹಿಂಭಾಗ, ತಲೆ, ಇವು ಸೋರಿಯಾಸಿಸ್‌ನ ನೆಚ್ಚಿನ ಜಾಗಗಳು. ಉಗುರಿನಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಇದು ಯಾಕೆ ಮುಖ್ಯ ಅಂದರೆ, "ಎಣ್ಣೆ ಹಚ್ಚಿದೆ, ಸೋರಿಯಾಸಿಸ್ ಹೋಯ್ತು" ಎನ್ನುವವರಲ್ಲಿ ಕೆಲವರಿಗೆ ಇದ್ದದ್ದು ಸೋರಿಯಾಸಿಸ್ಸೇ ಅಲ್ಲ.

ನೇರವಾಗಿ ಹೇಳಿ, ಈ ಎಣ್ಣೆಗೆ ಪುರಾವೆ ಇದೆಯಾ?

ಸುಳಿವು ಇದೆ, ಪುರಾವೆ ಇಲ್ಲ. ಎರಡಕ್ಕೂ ಇರುವ ದೂರ ದೊಡ್ಡದು.

ಮೊದಲು ಸುಳಿವಿನ ಕಡೆ ನೋಡೋಣ. ಹಾಲೆ ಎಲೆಯಿಂದ ಹಿಂದೆ ನೀಲಿ ಬಣ್ಣ ತೆಗೆಯುತ್ತಿದ್ದರು. ಬಟ್ಟೆಗೆ ಹಾಕುವ ನೀಲಿಯ ಒಡಹುಟ್ಟಾದ ಇಂಡಿರುಬಿನ್ ಎಂಬ ಕೆನ್ನೇರಳೆ ವಸ್ತು ಈ ಎಲೆಯಲ್ಲಿ ಸಿಕ್ಕಿದೆ ಎಂದು ರಾಸಾಯನಿಕ ಪರೀಕ್ಷೆಗಳು ಹೇಳುತ್ತವೆ. ಎಣ್ಣೆ ನೇರಳೆಗೆ ತಿರುಗುವುದನ್ನು ನೋಡಿದರೆ ಅದರಲ್ಲಿ ಅಚ್ಚರಿಯಿಲ್ಲ. ಈ ಇಂಡಿರುಬಿನ್ ಇರುವ ಬೇರೊಂದು ಮದ್ದು ಚೀನಾದ ಹಳೆಯ ವೈದ್ಯ ಪದ್ಧತಿಯಲ್ಲಿದೆ. ಬೇರೆ ಗಿಡಗಳ ಎಲೆ ಕೊಳೆಸಿ ಮಾಡಿದ ನೀಲಿ ಪುಡಿ ಅದು, ಹೆಸರು ಚಿಂಗ್ ದಾಯ್. ಆ ಪುಡಿಯ ಮುಲಾಮನ್ನು ತೈವಾನಿನ ಒಂದು ಆಸ್ಪತ್ರೆಯ ತಂಡ ಸರಿಯಾದ ರೀತಿಯಲ್ಲೇ ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿತು.

ಪರೀಕ್ಷೆ ಮಾಡಿದ ರೀತಿ ನನಗೆ ಬಹಳ ಹಿಡಿಸಿತು. 42 ರೋಗಿಗಳು. ಪ್ರತಿಯೊಬ್ಬರ ಮೈಮೇಲೂ ಎರಡು ಕಡೆ ಒಂದೇ ರೀತಿ ಇರುವ ತೇಪೆ ಆರಿಸಿಕೊಂಡರು. ಒಂದು ಕಡೆಗೆ ಔಷಧ ಇರುವ ಮುಲಾಮು, ಇನ್ನೊಂದು ಕಡೆಗೆ ಔಷಧವಿಲ್ಲದ ಬರೀ ಮುಲಾಮು. 12 ವಾರ ಹಚ್ಚಿದರು. ಒಬ್ಬನೇ ಮನುಷ್ಯ, ಒಂದೇ ಊಟ, ಒಂದೇ ಹವಾಮಾನ, ಒಂದೇ ಟೆನ್ಷನ್. ಹಾಗಿದ್ದಮೇಲೆ ಎರಡು ಕಡೆಗೂ ವ್ಯತ್ಯಾಸ ಬಂದರೆ ಅದು ಔಷಧದ್ದೇ. ಕೊನೆಗೆ 42 ಜನರಲ್ಲಿ 31 ಜನರಿಗೆ ಔಷಧ ಹಚ್ಚಿದ ಕಡೆ ತೇಪೆ ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು.

ಇನ್ನು ಇಂಡಿರುಬಿನ್ ಕೆಲಸ ಮಾಡುವ ದಾರಿಯೂ ಹೊಂದುತ್ತದೆ. ಚರ್ಮದ ಜೀವಕೋಶದೊಳಗೆ ಎಎಚ್‌ಆರ್ ಎಂಬ ಒಂದು ಸ್ವಿಚ್ಚು ಇದೆ. ಅದನ್ನು ಒತ್ತಿದರೆ ಚರ್ಮದ ಪದರ ಸರಿಯಾಗಿ ಕಟ್ಟಿಕೊಳ್ಳುತ್ತದೆ, ಉರಿ ಇಳಿಯುತ್ತದೆ. ಇಂಡಿರುಬಿನ್ ಅದನ್ನು ಒತ್ತುತ್ತದೆ. ಇದೇ ಸ್ವಿಚ್ಚಿನ ಮೇಲೆ ಕೆಲಸ ಮಾಡುವ ಟಪಿನಾರಾಫ್ ಎಂಬ ಕ್ರೀಮಿಗೆ ಅಮೆರಿಕದಲ್ಲಿ 2022ರಲ್ಲಿ ಸೋರಿಯಾಸಿಸ್‌ಗೆಂದೇ ಒಪ್ಪಿಗೆ ಸಿಕ್ಕಿದೆ.

ಇಲ್ಲಿಯವರೆಗೆ ಚೆನ್ನಾಗಿದೆ ಅಲ್ವಾ? ಆದರೆ ಗಮನಿಸಿ. ತೈವಾನಿನಲ್ಲಿ ಪರೀಕ್ಷೆಯಾದದ್ದು ಹಾಲೆ ಎಣ್ಣೆ ಅಲ್ಲ. ಬೇರೆ ಗಿಡ, ಬೇರೆ ಸಂಸ್ಕರಣೆ, ಬೇರೆ ಮುಲಾಮು, ಬೇರೆ ಪ್ರಮಾಣ. ಹಾಲೆ ಎಲೆಯ ಮೇಲೆ ಆಗಿರುವುದು ಇಲಿಗಳ ಮೇಲಿನ ಪರೀಕ್ಷೆ, ಪ್ರಯೋಗಾಲಯದ ಪರೀಕ್ಷೆ, ಮನುಷ್ಯರ ಮೇಲೆ ಸಣ್ಣ ಪುಟ್ಟ ಅಧ್ಯಯನಗಳು. ಆ ಅಧ್ಯಯನಗಳಲ್ಲಿ ಹೆಚ್ಚಿನವುಗಳಲ್ಲಿ ಹೋಲಿಸುವುದಕ್ಕೆ ಎದುರು ಗುಂಪೇ ಇಲ್ಲ. ಜೊತೆಗೆ ಹೊಟ್ಟೆಗೂ ಒಂದು ಔಷಧ ಕೊಟ್ಟಿರುತ್ತಾರೆ. ಕೊನೆಗೆ ಗುಣವಾದರೆ ಯಾವುದರಿಂದ ಆಯ್ತು ಎಂದು ಹೇಳುವುದು ಹೇಗೆ?

ಇಲಿಗಳ ಮೇಲೆ ಕೆಲಸ ಮಾಡಿದ್ದು ಮನುಷ್ಯರ ಮೇಲೆ ಯಾಕೆ ಮಾಡಲ್ಲ?

ಮಾಡಬಹುದು, ಮಾಡದೆಯೂ ಇರಬಹುದು. ಇಲಿಗೆ ತಾನಾಗಿ ಸೋರಿಯಾಸಿಸ್ ಬರುವುದೇ ಇಲ್ಲ. ಈ ಪರೀಕ್ಷೆಗಳಲ್ಲಿ ನೋಡುವುದು ಇಲಿಯ ಬಾಲದ ಚರ್ಮದ ಪದರ ಹೇಗೆ ಬದಲಾಗುತ್ತದೆ ಎಂದು. ಮುಂದೆ ಹೋಗಿ ಹುಡುಕಲು ಕಾರಣ ಇದೆಯೋ ಇಲ್ಲವೋ ಎಂದು ತಿಳಿಯಲು ಅಷ್ಟು ಸಾಕು. ಬಾಟಲಿ ಮೇಲೆ "ವೈಜ್ಞಾನಿಕವಾಗಿ ಸಾಬೀತು" ಎಂದು ಬರೆಯಲು ಸಾಲದು.

ನಮ್ಮ ಅತ್ತಿಗೆಗೆ ಈ ಎಣ್ಣೆಯಿಂದಲೇ ವಾಸಿ ಆಯ್ತು. ಕಣ್ಣಾರೆ ಕಂಡಿದ್ದು ಪುರಾವೆ ಅಲ್ವಾ?

ಅತ್ತಿಗೆಗೆ ಕಡಿಮೆಯಾದದ್ದು ನಿಜ ಇರಬಹುದು. ಎಣ್ಣೆಯಿಂದಲೇ ಎಂದು ಹೇಗೆ ಹೇಳುತ್ತೀರಿ?

ಸೋರಿಯಾಸಿಸ್ ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಚಳಿಗಾಲದಲ್ಲಿ ಜಾಸ್ತಿ, ಬೇಸಿಗೆಯಲ್ಲಿ ಹಲವರಿಗೆ ಕಡಿಮೆ. ಜನ ಹೊಸ ಔಷಧ ಹುಡುಕಿಕೊಂಡು ಹೋಗುವುದು ಕಾಯಿಲೆ ತುತ್ತತುದಿಯಲ್ಲಿ ಇರುವಾಗ. ತುದಿ ಮುಟ್ಟಿದ ಮೇಲೆ ಇಳಿಯುವುದೇ ಬಾಕಿ. ಆಗ ಕೈಯಲ್ಲಿ ಯಾವ ಬಾಟಲಿ ಇರುತ್ತದೋ ಹೆಸರು ಅದಕ್ಕೆ ಬರುತ್ತದೆ.

ಇನ್ನೂ ಎರಡು ಸಂಗತಿ ಇವೆ. ತಿಪಟೂರು ಕೊಬ್ಬರಿಯ ಎಣ್ಣೆಯೇ ಆಗಲಿ, ಅಂಗಡಿಯ ವ್ಯಾಸಲೀನೇ ಆಗಲಿ, ಯಾವ ಜಿಡ್ಡು ಹಚ್ಚಿದರೂ ಹೊಟ್ಟು ಮೆತ್ತಗಾಗಿ ಬಿಡುತ್ತದೆ, ತುರಿಕೆ ತಗ್ಗುತ್ತದೆ. ನೋಡುವುದಕ್ಕೆ ಅರ್ಧ ವಾಸಿಯಾದಂತೆ ಕಾಣುತ್ತದೆ. ಎರಡನೆಯದು ಬಿಸಿಲು. ಎಣ್ಣೆ ಹಚ್ಚಿಕೊಂಡು ಬೆಳಗಿನ ಎಳೆ ಬಿಸಿಲಿನಲ್ಲಿ ಕೂರಿ ಎಂದು ಹೇಳಿ ಕೊಡುವವರು ಬಹಳ. ಸೂರ್ಯನ ಬೆಳಕಿನಲ್ಲಿರುವ ಅಲ್ಟ್ರಾವಯಲೆಟ್ ಕಿರಣವೇ ಸೋರಿಯಾಸಿಸ್‌ಗೆ ಔಷಧ. ಆಸ್ಪತ್ರೆಯಲ್ಲಿ ಕೊಡುವ ಬೆಳಕಿನ ಚಿಕಿತ್ಸೆ ಅದನ್ನೇ ಅಳತೆ ಮಾಡಿ ಕೊಡುತ್ತದೆ. ಹೀಗಿರುವಾಗ ಎಲೆಗೆ ಎಷ್ಟು ಅಂಕ, ಕೊಬ್ಬರಿಗೆ ಎಷ್ಟು, ಸೂರ್ಯನಿಗೆ ಎಷ್ಟು?

ಲೋಳೆಸರದ ಕಥೆ ಇದಕ್ಕೆ ಒಳ್ಳೆ ಉದಾಹರಣೆ. 1996ರಲ್ಲಿ 60 ರೋಗಿಗಳ ಮೇಲೆ ಮಾಡಿದ ಒಂದು ಪರೀಕ್ಷೆಯಲ್ಲಿ ಲೋಳೆಸರದ ಕ್ರೀಮು ಹಚ್ಚಿದವರಲ್ಲಿ ನೂರಕ್ಕೆ 83 ಜನ ವಾಸಿಯಾದರು, ಬರೀ ಕ್ರೀಮು ಹಚ್ಚಿದವರಲ್ಲಿ 7 ಜನ ಎಂದು ಬಂತು. ಕೇಳಿದರೆ ಯಾರಾದರೂ ಕುಣಿಯಬೇಕು. 2005ರಲ್ಲಿ ಡೆನ್ಮಾರ್ಕಿನವರು ಅಂಗಡಿಯಲ್ಲಿ ಸಿಗುವ ಲೋಳೆಸರದ ಜೆಲ್ ತೆಗೆದುಕೊಂಡು, ದೇಹದ ಒಂದು ಕಡೆಗೆ ಅದನ್ನು, ಇನ್ನೊಂದು ಕಡೆಗೆ ಲೋಳೆಸರ ಇಲ್ಲದ ಜೆಲ್ಲನ್ನು ಹಚ್ಚಿಸಿ ನೋಡಿದರು. ಲೋಳೆಸರದ ಕಡೆ ನೂರಕ್ಕೆ 72ರಷ್ಟು ಜನರಿಗೆ ಸುಧಾರಿಸಿತು. ಲೋಳೆಸರ ಇಲ್ಲದ ಕಡೆ? ನೂರಕ್ಕೆ 82! ಏನೂ ಔಷಧವಿಲ್ಲದ ಜೆಲ್ ಗೆದ್ದಿತು. ಹೋಲಿಸಲು ಆ ಇನ್ನೊಂದು ಕಡೆ ಇಲ್ಲದೆ ಹೋಗಿದ್ದರೆ "ಲೋಳೆಸರದಿಂದ ನೂರಕ್ಕೆ 72 ಜನರಿಗೆ ಗುಣ" ಎಂದು ಪೇಪರಿನಲ್ಲಿ ಬಂದಿರುತ್ತಿತ್ತು.

ಅತ್ತಿಗೆಯ ವಿಷಯದಲ್ಲಿ ಹೋಲಿಸಲು ಆ ಇನ್ನೊಂದು ಕಡೆ ಇಲ್ಲ. ನಾನು ಹೇಳುತ್ತಿರುವುದು ಅಷ್ಟೇ.

ಹಾಗಾದರೆ ಗಿಡಮೂಲಿಕೆಯಿಂದ ಬಂದ ಔಷಧವೇ ಇಲ್ವಾ?

ಯಾಕಿಲ್ಲ? ಸೋರಿಯಾಸಿಸ್‌ನ ವಿಷಯದಲ್ಲೇ ಎರಡು ಗಟ್ಟಿ ಉದಾಹರಣೆಗಳಿವೆ.

ಒಂದು ಗೋವಾ ಪುಡಿ. ಹೆಸರು ಗೋವಾದ್ದು, ಮರ ಬ್ರೆಜಿಲ್‌ನದು. ಪೋರ್ಚುಗೀಸರ ಹಡಗಿನಲ್ಲಿ ಗೋವಾಕ್ಕೆ ಬಂದು ಹುಳುಕಡ್ಡಿಗೆ ಮದ್ದಾಗಿ ಹೆಸರು ಮಾಡಿತ್ತು. 1870ರ ದಶಕದಲ್ಲಿ ಲಂಡನ್ನಿನ ವೈದ್ಯ ಬಾಲ್ಮಾನೊ ಸ್ಕ್ವೈರ್ ಅವರು ಸೋರಿಯಾಸಿಸ್‌ಗೂ ಅದು ಕೆಲಸ ಮಾಡುವುದನ್ನು ಕಂಡರು. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನಿಗೆ ಆ ಪುಡಿ ಸಿಗದೆ ಹೋಯಿತು. ಅದನ್ನೇ ಹೋಲುವ ವಸ್ತುವನ್ನು ಕಾರ್ಖಾನೆಯಲ್ಲಿ ತಯಾರಿಸಿ 1916ರಲ್ಲಿ ಬಳಕೆಗೆ ತಂದರು. ಅದೇ ಡಿತ್ರನಾಲ್. ಚರ್ಮ, ಬಟ್ಟೆ ಎಲ್ಲಕ್ಕೂ ಕಲೆ ಹಿಡಿಸುತ್ತದೆ ಎಂದು ಜನ ಬೈದುಕೊಂಡೇ ದಶಕಗಳ ಕಾಲ ಹಚ್ಚಿಕೊಂಡರು.

ಇನ್ನೊಂದು ನಮ್ಮ ಗ್ರಂಧಿಗೆ ಅಂಗಡಿಯಲ್ಲೇ ಸಿಗುವ ಬಾವಂಚಿ ಬೀಜ. ತೊನ್ನಿಗೆ ಹಚ್ಚಿ ಬಿಸಿಲಿಗೆ ಕೂರಿಸುವುದು ಹಳೆಯ ಪದ್ಧತಿ. ಬೀಜದಲ್ಲಿರುವುದು ಸೋರಲೆನ್. ಆ ಗುಂಪಿನದೇ ಒಂದು ವಸ್ತುವನ್ನು ಮಾತ್ರೆಯಾಗಿ ಕೊಟ್ಟು, ನಂತರ ಅಲ್ಟ್ರಾವಯಲೆಟ್ ಎ ಕಿರಣ ಹಾಯಿಸುವ ಚಿಕಿತ್ಸೆ 1974ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಅದರ ಹೆಸರು ಪುವಾ. ಇವತ್ತಿಗೂ ಸೋರಿಯಾಸಿಸ್ ಚಿಕಿತ್ಸೆಯಲ್ಲಿ ಅದಕ್ಕೆ ಜಾಗವಿದೆ. ಹಾಗಂತ ಬಾವಂಚಿ ಪುಡಿಯನ್ನು ನೀವೇ ಅರೆದು ಹಚ್ಚಿಕೊಂಡು ತುಮಕೂರಿನ ಏಪ್ರಿಲ್ ಬಿಸಿಲಿಗೆ ನಿಂತರೆ ಬೊಬ್ಬೆ ಏಳುತ್ತದೆ. ಪುವಾದಲ್ಲಿ ಔಷಧಕ್ಕೂ ಅಳತೆ ಇದೆ, ಕಿರಣಕ್ಕೂ ಅಳತೆ ಇದೆ.

ಹಾಲೆ ಎಲೆಯೂ ಈ ದಾರಿ ಹಿಡಿಯಬಾರದು ಎಂದೇನಿಲ್ಲ. ನನಗಂತೂ ಯಾರಾದರೂ ತೈವಾನಿನವರ ಹಾಗೆ ಮೈಯ ಎರಡು ಕಡೆ ಹೋಲಿಸುವ ಪರೀಕ್ಷೆಯನ್ನು ಇದರ ಮೇಲೆ ದೊಡ್ಡದಾಗಿ, ಸರಿಯಾಗಿ ಮಾಡಲಿ ಎಂಬ ಆಸೆ. ಒಂದು ಕಡೆ ಎಲೆ ಹಾಕಿದ ಎಣ್ಣೆ, ಇನ್ನೊಂದು ಕಡೆ ಅದೇ ಬಣ್ಣ ಕಟ್ಟಿದ ಬರೀ ಕೊಬ್ಬರಿ ಎಣ್ಣೆ. ಖರ್ಚೂ ಅಂಥಾ ದೊಡ್ಡದೇನಲ್ಲ.

ಗಿಡಮೂಲಿಕೆ ಅಲ್ವಾ, ಸೈಡ್ ಎಫೆಕ್ಟ್ ಇರಲ್ಲ ಬಿಡಿ.

ಕಣಗಿಲೆಯೂ ಗಿಡವೇ. ಅದು ಹಾಲೆ ಮರದ ಕುಟುಂಬಕ್ಕೇ ಸೇರಿದ್ದು, ತಿಂದರೆ ಹೃದಯ ನಿಲ್ಲುತ್ತದೆ.

ಹಾಲೆ ಎಣ್ಣೆಯನ್ನು ಬರೀ ಮೈಗೆ ಹಚ್ಚಿಕೊಂಡರೆ ಹೆಚ್ಚಿನವರಿಗೆ ದೊಡ್ಡ ತೊಂದರೆ ಆಗಲಿಕ್ಕಿಲ್ಲ. ಆದರೆ ಕೆಲವರಿಗೆ ಅಲರ್ಜಿಯಾಗಿ ಕೆರಳಬಹುದು. ಸೋರಿಯಾಸಿಸ್‌ನಲ್ಲಿ ಇದಕ್ಕೆ ಇನ್ನೊಂದು ಅಪಾಯ ಇದೆ. ಚರ್ಮಕ್ಕೆ ಎಲ್ಲಿ ಗಾಯವಾಗುತ್ತದೋ, ಎಲ್ಲಿ ಉರಿಯುತ್ತದೋ ಅಲ್ಲೇ ಹೊಸ ತೇಪೆ ಏಳುವ ಸ್ವಭಾವ ಈ ಕಾಯಿಲೆಗೆ ಇದೆ. ಹಾಗಾಗಿ ಮೊದಲು ಮುಂಗೈ ಒಳಬದಿಯ ಮೇಲೆ ಸ್ವಲ್ಪ ಹಚ್ಚಿ, ಒಂದೆರಡು ದಿನ ಬಿಟ್ಟು ನೋಡಿ. ಬಿರುಕು ಬಿಟ್ಟ, ರಕ್ತ ಜಿನುಗುವ ಜಾಗಕ್ಕೆ ಹಚ್ಚಬೇಡಿ.

ಹೊಟ್ಟೆಗೆ ಕೊಡುವುದಾದರೆ ಲೆಕ್ಕವೇ ಬೇರೆ. ತೈವಾನಿನಲ್ಲಿ ಮೈಗೆ ಹಚ್ಚಿದ ಆ ನೀಲಿ ಪುಡಿಯನ್ನು ಜಪಾನಿನಲ್ಲಿ ಕೆಲವರು ಕರುಳಿನ ಕಾಯಿಲೆಗೆ ಹೊಟ್ಟೆಗೆ ತೆಗೆದುಕೊಂಡರು. ಅವರಲ್ಲಿ ಕೆಲವರಿಗೆ ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿತು. 2016ರಲ್ಲಿ ಅಲ್ಲಿನ ಸರ್ಕಾರವೇ ಎಚ್ಚರಿಕೆ ಕೊಟ್ಟಿತು. ಹಚ್ಚಿದರೆ ಹಿತವಾದದ್ದು ನುಂಗಿದರೂ ಹಿತ ಎಂಬ ನಿಯಮ ಇಲ್ಲ.

ಪುಡಿ, ಲೇಹ್ಯ, ಭಸ್ಮ ಕೊಟ್ಟರೆ ಅದರಲ್ಲಿ ಪಾದರಸ, ಸೀಸ ಇದೆಯೇ ಎಂದು ಕೇಳಿ. ಅಂತರ್ಜಾಲದಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಒಬ್ಬರು ಕೊಟ್ಟ ಮುಲಾಮಿನಿಂದ ಮೂರೇ ದಿನಕ್ಕೆ ಗುಣವಾಯ್ತು. ಅದು ಒಳ್ಳೆಯದೇ ಅಲ್ವಾ?

ಮೂರು ದಿನಕ್ಕೆ ಗುಣ ಎಂದರೆ ನನಗೆ ಮೊದಲು ಬರುವ ಅನುಮಾನ ಸ್ಟೀರಾಯ್ಡ್. ಗಿಡಮೂಲಿಕೆ ಎಂದು ಮಾರುವ ಮುಲಾಮಿನಲ್ಲಿ ಕ್ಲೋಬೆಟಸಾಲ್, ಡೆಕ್ಸಾಮೆಥಾಸೋನ್‌ನಂಥ ಜೋರಾದ ಸ್ಟೀರಾಯ್ಡ್ ಬೆರೆಸುವುದು ಊಹೆಯ ಮಾತಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಕ್ಕಳಿಗೆ ಹಚ್ಚುತ್ತಿದ್ದ 24 'ಹರ್ಬಲ್' ಕ್ರೀಮುಗಳನ್ನು ಪರೀಕ್ಷಿಸಿದಾಗ 20ರಲ್ಲಿ ಸ್ಟೀರಾಯ್ಡ್ ಇತ್ತು. 2003ರಲ್ಲಿ ಆ ವರದಿ ಬಂತು.

ಸ್ಟೀರಾಯ್ಡ್ ಕ್ರೀಮು ಕೆಟ್ಟದ್ದು ಎಂದಲ್ಲ. ಸೋರಿಯಾಸಿಸ್‌ಗೆ ಡಾಕ್ಟರೇ ಬರೆದುಕೊಡುತ್ತಾರೆ. ಎಷ್ಟು, ಎಲ್ಲಿ, ಎಷ್ಟು ದಿನ, ಹೇಗೆ ನಿಲ್ಲಿಸಬೇಕು ಎಂದು ಹೇಳಿ ಕೊಡುತ್ತಾರೆ. ಗೊತ್ತಿಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಸೀಳು ಗೆರೆ ಬರುತ್ತದೆ, ಬಿಟ್ಟ ಕೂಡಲೇ ಕಾಯಿಲೆ ಇಮ್ಮಡಿಯಾಗಿ ಮರಳುತ್ತದೆ. ಹೊಟ್ಟೆಗೆ ಕೊಡುವ ಪುಡಿಯಲ್ಲಿ ಸ್ಟೀರಾಯ್ಡ್ ಇದ್ದು ತಟ್ಟನೆ ನಿಲ್ಲಿಸಿದರೆ ಮೈತುಂಬ ಕೀವುಗುಳ್ಳೆ ಏಳುವ ಭಯಂಕರ ರೂಪಕ್ಕೆ ತಿರುಗಬಹುದು.

ಹೆಸರಿಲ್ಲದ ಡಬ್ಬಿ, ಯಾರು ಮಾಡಿದರು ಎಂದು ಬರೆಯದ ಬಾಟಲಿ, "ಏನು ಹಾಕಿದ್ದೀರಿ" ಎಂದರೆ "ಅದು ನಮ್ಮ ತಾತನ ಕಾಲದ ಗುಟ್ಟು" ಎನ್ನುವ ಉತ್ತರ, ಇವು ಕಂಡರೆ ಕೊಳ್ಳಬೇಡಿ. ಈಗಾಗಲೇ ಕೊಂಡು ಹಚ್ಚುತ್ತಿದ್ದರೆ ಆ ಡಬ್ಬಿಯನ್ನೇ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ.

ಸರ್ಕಾರದ ಲೈಸೆನ್ಸ್ ನಂಬರ್ ಇದೆ. ಅಂದರೆ ಪರೀಕ್ಷೆ ಆಗಿದೆ ತಾನೆ?

ತಯಾರಿಸಲು ಪರವಾನಗಿ ಇದೆ ಎಂದಷ್ಟೇ ಅರ್ಥ. ಹೊಸ ಇಂಗ್ಲಿಷ್ ಔಷಧ ಮಾರುಕಟ್ಟೆಗೆ ಬರುವ ಮುನ್ನ ದೊಡ್ಡ ಗುಂಪಿನ ಮೇಲೆ ಪರೀಕ್ಷೆ ಆಗಲೇಬೇಕು. ಆಯುರ್ವೇದ, ಸಿದ್ಧ ಪದ್ಧತಿಯ ಮಾನ್ಯ ಗ್ರಂಥಗಳಲ್ಲಿ ಇರುವ ಹಳೆಯ ಮದ್ದುಗಳಿಗೆ ಆ ಕಡ್ಡಾಯ ಇಲ್ಲ. ಲೈಸೆನ್ಸ್ ಇಲ್ಲದ್ದಕ್ಕಿಂತ ಇರುವುದು ವಾಸಿ, ಯಾರನ್ನು ಕೇಳಬೇಕು ಎಂದಾದರೂ ಗೊತ್ತಿರುತ್ತದೆ.

ಮನೆಯಲ್ಲೇ ಎಣ್ಣೆ ಮಾಡಿಕೊಳ್ಳಬಹುದಾ?

ಮೊದಲ ತೊಡಕು ಮರ ಗುರುತಿಸುವುದು. ಹಾಲೆ ಎಂಬ ಹೆಸರು ಕರಾವಳಿಯಲ್ಲಿ ಬೇರೆ ಮರಕ್ಕೆ ಇದೆ. ಆಟಿ ಅಮಾವಾಸ್ಯೆಗೆ ಕಷಾಯ ಕುಡಿಯುತ್ತಾರಲ್ಲ, ಆ ಮರ. ಕೊಡಸಿಗೆ ಎಂಬ ಇನ್ನೊಂದು ಮರ ನೋಡಲು ಇದರ ಅಣ್ಣತಮ್ಮನ ಹಾಗೆ. ಎಲ್ಲವೂ ಮುರಿದರೆ ಹಾಲು ಸುರಿಸುತ್ತವೆ. ನಮಗೆ ಬೇಕಾದ ಮರದಲ್ಲಿ ಕಾಯಿ ಜೋಡಿಯಾಗಿ, ಉದ್ದಕ್ಕೆ ತೂಗುತ್ತದೆ, ಎರಡರ ತುದಿಯೂ ಕೂಡಿಕೊಂಡಿರುತ್ತದೆ. ಕೊಡಸಿಗೆಯಲ್ಲಿ ತುದಿ ಬಿಡಿಬಿಡಿ. ಕಾಯಿ ಇಲ್ಲದ ಕಾಲದಲ್ಲಿ ಎಲೆ ನೋಡಿ ಹೇಳುವುದು ತಿಳಿದವರಿಗಷ್ಟೇ ಸಾಧ್ಯ. ಕಾಯ್ದಿಟ್ಟ ಕಾಡಿನಿಂದ ಎಲೆ ಕೀಳುವುದು ತಪ್ಪು, ಅದನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು, ಹಸಿ ಎಲೆಯ ನೀರು ಎಣ್ಣೆಯಲ್ಲಿ ಉಳಿದರೆ ಬೂಸು ಹಿಡಿಯುತ್ತದೆ. ಮೂರನೆಯದು, ಒಂದು ಬಾಟಲಿಯಲ್ಲಿ ಔಷಧದ ಅಂಶ ಎಷ್ಟಿದೆ, ಇನ್ನೊಂದರಲ್ಲಿ ಎಷ್ಟಿದೆ ಎಂದು ಹೇಳಲು ಆಗುವುದಿಲ್ಲ. ಎಲೆ ಎಳೆಯದೋ ಬಲಿತದ್ದೋ, ಬಿಸಿಲು ಹೇಗಿತ್ತು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಇಂಗ್ಲಿಷ್ ಔಷಧ ಬಿಟ್ಟು ಇದನ್ನೇ ಹಚ್ಚಿದರೆ?

ಇದೊಂದನ್ನು ಮಾತ್ರ ಮಾಡಬೇಡಿ. ಹಾಲೆ ಎಣ್ಣೆಯಿಂದ ಆಗುವ ಹಾನಿಗಿಂತ ಇದರಿಂದ ಆಗುವ ಹಾನಿ ದೊಡ್ಡದು.

ಸೋರಿಯಾಸಿಸ್ ಬೇರುಸಮೇತ ಹೋಗುವ ಔಷಧ ಯಾವ ಪದ್ಧತಿಯಲ್ಲೂ ಇಲ್ಲ. ಹಿಡಿತದಲ್ಲಿಡುವ ಔಷಧಗಳು ಬೇಕಾದಷ್ಟಿವೆ. ಸಣ್ಣದಿದ್ದರೆ ಹಚ್ಚುವ ಕ್ರೀಮು: ಸ್ಟೀರಾಯ್ಡ್, ವಿಟಮಿನ್ ಡಿ ಜಾತಿಯ ಕ್ಯಾಲ್ಸಿಪೋಟ್ರಯಾಲ್, ಕೋಲ್ ಟಾರ್. ಹರಡಿದ್ದರೆ ಬೆಳಕಿನ ಚಿಕಿತ್ಸೆ ಅಥವಾ ಮೆಥೊಟ್ರೆಕ್ಸೇಟ್‌ನಂಥ ಮಾತ್ರೆ. ಅದಕ್ಕೂ ಬಗ್ಗದಿದ್ದರೆ ಬಯೊಲಾಜಿಕ್, ಅಂದರೆ ಜೀವಕೋಶಗಳಲ್ಲಿ ಬೆಳೆಸಿ ತಯಾರಿಸಿದ ಔಷಧದ ಇಂಜೆಕ್ಷನ್. ಅದರಲ್ಲಿ ಒಂದು, ಇಟೊಲಿಝುಮ್ಯಾಬ್, 2013ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್‌ನಿಂದಲೇ ಮಾರುಕಟ್ಟೆಗೆ ಬಂತು. ಬೆಲೆ ಮಾತ್ರ ಎಲ್ಲರ ಕೈಗೆ ಎಟುಕುವಂಥದ್ದಲ್ಲ.

ಮೆಥೊಟ್ರೆಕ್ಸೇಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಅಗ್ಗ, ಹಳೆಯದು, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ತೆಗೆದುಕೊಳ್ಳುವುದು ವಾರಕ್ಕೆ ಒಂದು ದಿನ ಮಾತ್ರ. ದಿನಾ ನುಂಗಿದರೆ ರಕ್ತ ಹುಟ್ಟುವ ಮಜ್ಜೆಯೇ ಸೋತು ಜೀವ ಹೋಗಬಹುದು. ಮನೆಯಲ್ಲಿ ಹಿರಿಯರಿಗೆ ಬರೆದುಕೊಟ್ಟಿದ್ದರೆ ವಾರದ ಯಾವ ದಿನ ಎಂದು ಮಾತ್ರೆ ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಇದಕ್ಕೂ ಯಕೃತ್ತಿನ ಮೇಲೆ ಹೊರೆ ಬೀಳುತ್ತದೆ. ಜೊತೆಗೆ ಹೆಂಡ, ಇನ್ನೊಂದು ಕಡೆ ಕಷಾಯ, ಪುಡಿ ಸೇರಿದರೆ ಯಕೃತ್ತು ತಡೆಯುವುದಿಲ್ಲ. ಆದ್ದರಿಂದ ಏನೇ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ಹೇಳಿ. ಬೈಯುತ್ತಾರೆ ಎಂದು ಮುಚ್ಚಿಡಬೇಡಿ.

ಎಣ್ಣೆ ಹಚ್ಚಲೇಬೇಕು ಅಂತ ಮನಸ್ಸಿದೆ. ಹಚ್ಚಲೇ ಬೇಡ ಅಂತೀರಾ?

ಅಷ್ಟು ಕಟ್ಟುನಿಟ್ಟು ಮಾಡುವುದಿಲ್ಲ. ಡಾಕ್ಟರು ಕೊಟ್ಟದ್ದನ್ನು ಬಿಡದೆ, ಅವರಿಗೆ ಹೇಳಿ, ಲೇಬಲ್ ಇರುವ ಬಾಟಲಿ ಕೊಂಡು, ಮೈಗೆ ಮಾತ್ರ ಹಚ್ಚುವುದಾದರೆ ಹಚ್ಚಿ. ಬೇಕಿದ್ದರೆ ತೈವಾನಿನವರ ಹಾಗೆ ಒಂದು ಮೊಣಕೈಗೆ ಈ ಎಣ್ಣೆ, ಇನ್ನೊಂದಕ್ಕೆ ಬರೀ ಕೊಬ್ಬರಿ ಎಣ್ಣೆ ಹಚ್ಚಿ, ವಾರಕ್ಕೊಮ್ಮೆ ಎರಡರದ್ದೂ ಫೋಟೊ ತೆಗೆದಿಡಿ. ಎರಡೂ ಒಂದೇ ಥರ ಇಳಿದರೆ ದುಡ್ಡು ಉಳಿಸಬಹುದು. ಬೆಳಕಿನ ಚಿಕಿತ್ಸೆ ನಡೆಯುತ್ತಿದ್ದರೆ ಯಾವ ಎಣ್ಣೆಯನ್ನೂ ಕೇಳದೆ ಹಚ್ಚಬೇಡಿ.

ಪಥ್ಯ ಮಾಡಬೇಕಾ? ಬದನೆಕಾಯಿ, ಮೊಟ್ಟೆ, ಹುಳಿ ಬಿಡಬೇಕಾ?

ಬದನೆಕಾಯಿಯ ಮೇಲೆ ಯಾಕೋ ಎಲ್ಲರಿಗೂ ಸಿಟ್ಟು. ಅದನ್ನು ಬಿಟ್ಟರೆ ಸೋರಿಯಾಸಿಸ್ ಇಳಿಯುತ್ತದೆ ಎನ್ನಲು ಆಧಾರ ಇಲ್ಲ. ಆಧಾರ ಇರುವುದು ಬೇರೆಯದಕ್ಕೆ: ತೂಕ ಜಾಸ್ತಿ ಇದ್ದವರು ಇಳಿಸಿದರೆ ಕಾಯಿಲೆಯೂ ಇಳಿಯುತ್ತದೆ, ಔಷಧವೂ ಚೆನ್ನಾಗಿ ಹತ್ತುತ್ತದೆ. ಬೀಡಿ ಸಿಗರೇಟು, ಕುಡಿತ ಎರಡೂ ಕೆರಳಿಸುತ್ತವೆ. ಮುದ್ದೆ, ಸೊಪ್ಪಿನ ಸಾರು ಧಾರಾಳವಾಗಿ ಉಣ್ಣಿ.

ಹುಡುಗಿಗೆ ಸೋರಿಯಾಸಿಸ್ ಇದೆ. ಮದುವೆ ಮಾಡಬಹುದಾ? ಮಕ್ಕಳಿಗೆ ಬರುತ್ತಾ?

ಧಾರಾಳವಾಗಿ ಮಾಡಬಹುದು. ವಂಶದ ನಂಟು ಇದೆ, ಆದರೆ ಅಪ್ಪ ಅಮ್ಮರಲ್ಲಿ ಒಬ್ಬರಿಗೆ ಇದ್ದರೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ನೆನಪಿಡಬೇಕಾದ್ದು ಔಷಧದ ವಿಷಯ. ಮೆಥೊಟ್ರೆಕ್ಸೇಟ್, ಸೋರಿಯಾಸಿಸ್‌ಗೇ ಕೊಡುವ ಇನ್ನೊಂದು ಔಷಧ ಅಸಿಟ್ರೆಟಿನ್, ಎರಡೂ ಬಸಿರಿನಲ್ಲಿ ಮಗುವಿಗೆ ಹಾನಿ ಮಾಡುತ್ತವೆ. ಅಸಿಟ್ರೆಟಿನ್ ನಿಲ್ಲಿಸಿದ ಮೇಲೂ ವರ್ಷಗಟ್ಟಲೆ ಬಸಿರಾಗಬಾರದು. ಮಗುವಿನ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ತಿಳಿಸಿ. ಬಸುರಿಯರು ಹೊಟ್ಟೆಗೆ ತೆಗೆದುಕೊಳ್ಳುವ ನಾಟಿ ಔಷಧವೂ ಬೇಡ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?

ಮೈಯೆಲ್ಲಾ ಕೆಂಪಾಗಿ ಹೊಟ್ಟು ಉದುರುತ್ತಾ ಚಳಿ ನಡುಕ ಬಂದರೆ, ಜ್ವರದ ಜೊತೆ ಕೀವುಗುಳ್ಳೆ ಎದ್ದರೆ ಅದೇ ದಿನ ಹೋಗಬೇಕು. ದೇಹದ ನೀರು, ಶಾಖ ಎರಡೂ ಸೋರಿಹೋಗುವ ಸ್ಥಿತಿ ಅದು, ಹೃದಯದ ಮೇಲೆ ಹೊರೆ ಬೀಳುತ್ತದೆ. ಬೆಳಿಗ್ಗೆ ಎದ್ದಾಗ ಬೆರಳು, ಸೊಂಟ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಬಿಗಿದುಕೊಂಡಿದ್ದರೆ, ಒಂದು ಬೆರಳು ಪೂರ್ತಿ ಊದಿದ್ದರೆ, ಹಿಮ್ಮಡಿ ನೋವಿದ್ದರೆ ಕೀಲಿಗೆ ಬಂದಿದೆಯೇ ಎಂದು ತೋರಿಸಿ. ಕೀಲು ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ.

ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲೇ ಚರ್ಮದ ಡಾಕ್ಟರು ಇದ್ದಾರೆ. ಅಲ್ಲಿ ಆಗದ್ದಕ್ಕೆ 70 ಕಿಲೋಮೀಟರ್ ದೂರದ ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್ ಇವೆ. ಬೇರೆ ಕಾಯಿಲೆಗೆ ನುಂಗುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆ, ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ, ಮಲೇರಿಯಾಕ್ಕೆ ಕೊಡುವ ಕ್ಲೋರೊಕ್ವಿನ್ ಸೋರಿಯಾಸಿಸ್ ಕೆರಳಿಸುತ್ತವೆ. ಆದರೆ ಅವನ್ನು ನೀವಾಗಿಯೇ ನಿಲ್ಲಿಸಬೇಡಿ.

ಎಣ್ಣೆ ಬಟ್ಟೆಗೆ ಕಲೆ ಹಿಡಿಸುತ್ತಾ?

ಹಿಡಿಸುತ್ತದೆ, ಬಣ್ಣದ ಎಣ್ಣೆ ಅಲ್ವಾ. ಹಳೆಯ ಬಟ್ಟೆ, ಹಳೆಯ ದಿಂಬಿನ ಚೀಲ ಇಟ್ಟುಕೊಳ್ಳಿ. ಕಲೆಗಿಂತ ಮುಖ್ಯವಾದ್ದು ಬೆಂಕಿ. ಎಣ್ಣೆ, ಮುಲಾಮು ಹೀರಿದ ಬಟ್ಟೆ ಬೇಗ ಹೊತ್ತಿಕೊಳ್ಳುತ್ತದೆ. ಅದನ್ನು ತೊಟ್ಟುಕೊಂಡು ಒಲೆ, ದೀಪದ ಹತ್ತಿರ ಹೋಗಬೇಡಿ, ಬೀಡಿ ಹಚ್ಚಬೇಡಿ. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ.